ಇತರೆ

ಸೂಳೆಕೆರೆಯ ಏರಿಯ ಕೆಳಗೆ, ಕಲ್ಲು ಜಾರುವ ಕಡೆ
ನನ್ನ ಕಚೇರಿ ಇಷ್ಟು: ಒಂದು ತಕ್ಕಡಿ,
ಗೆರೆ ಸವೆದ ಅಳತೆ ಹಲಗೆ,
ದಾರ ಕಟ್ಟಿದ ಪೆನ್ಸಿಲ್ಲು. ಪೆನ್ನು ಕೊಟ್ಟಿದ್ದರು,
ಹಸಿ ಹಾಳೆಯ ಮೇಲೆ ಅದು ಮಾತು ಮರೆಯುತ್ತದೆ.

ಬೆಳಕು ಹರಿಯುವ ಮೊದಲೇ ತೆಪ್ಪಗಳು ಬರುತ್ತವೆ
ಗರಗರ ತಿರುಗಿ, ದಂಡೆಗೆ ಮೊಣಕೈ ತಾಗಿಸಿ ನಿಲ್ಲುತ್ತವೆ.
"ಲೆಕ್ಕದಕ್ಕಾ, ಬರ್ಕ" ಅನ್ನುತ್ತಾನೆ ಗುತ್ಯಪ್ಪ,
"ಇವತ್ತೂ ಅದೇ ಸುಡುಗಾಡು."

ಬಲೆಯಲ್ಲಿ ಅದು.
ಹುರುಪೆಯಲ್ಲ, ಮೈತುಂಬ ಹಂಚು ಹೊದಿಸಿದ್ದಾರೆ;
ಹೊಟ್ಟೆಯ ಮೇಲೆ ಯಾವುದೋ ಮಗು ಗೀಚಿದ ಕಪ್ಪು ದಾರಿಗಳು;
ಬಾಯಿ ಮುಂದಿಲ್ಲ, ಕೆಳಗೆ,
ನೆಲಕ್ಕೆ ಕವುಚಿಟ್ಟ ಬಟ್ಟಲಿನ ಹಾಗೆ.
ಮುಳ್ಳು ಸಿಕ್ಕಿದ ಕಡೆ ಬಿಡಿಸಲಾಗದು,
ಬಲೆಯನ್ನೇ ಕೊಯ್ಯಬೇಕು. ಕೊಯ್ದ.
ನೂಲಿನ ರೇಟು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ,
ನಮೂನೆಯಲ್ಲಿ ಅದಕ್ಕೆ ಜಾಗವೂ ಇಲ್ಲ.

ಉದ್ದ ನಲವತ್ತೊಂದು. ತೂಕ ಎಂಟುನೂರ ಹತ್ತು.
ಹೊಟ್ಟೆ ಸೀಳಿದರೆ ಕಿತ್ತಳೆ ಮೊಟ್ಟೆ, ಒಂದು ಬೊಗಸೆ;
ನೂರು ಎಣಿಸಿ, ತೂಗಿ, ಗುಣಿಸಿ
ಬರೆಯುವಾಗ ಪೆನ್ಸಿಲ್ಲಿನ ಮೊನೆ ಮುರಿಯಿತು.

ದಡದ ಮಣ್ಣಿನಲ್ಲಿ ಇವು ಕೊರೆದ ಬಿಲಗಳನ್ನೂ ಎಣಿಸುತ್ತೇನೆ,
ಬೇಸಿಗೆಯಲ್ಲಿ ನೀರು ಇಳಿದಾಗ, ತೋಳು ತೂರಿಸಿ.
ಹೆಗಲಿನವರೆಗೂ ಹೋಗುತ್ತದೆ.
ಒಳಗೆ ತಣ್ಣಗೆ, ಯಾರದೋ ಮನೆಗೆ ಹೇಳದೆ ಹೋದ ಹಾಗೆ.

ಎಲ್ಲಿಂದ ಬಂತು ಅಂತ ಸಾಹೇಬರು ಕೇಳುತ್ತಾರೆ,
ನಕ್ಷೆಯಲ್ಲಿ ಕೆಂಪು ಚುಕ್ಕಿ ಇಡುತ್ತಾ, ನಾಲೆಯ ಗುಂಟ.
ನಾನು ಕಂಡಿದ್ದೇನೆ. ದಾವಣಗೆರೆಯಲ್ಲಿ,
ಮಂಡಿಪೇಟೆಯ ಒಂದು ಕಟಿಂಗ್ ಶಾಪಿನಲ್ಲಿ,
ಕನ್ನಡಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ
ಬೆರಳುದ್ದದ್ದು, ಗಾಜಿಗೆ ಬಾಯಿ ಅಂಟಿಸಿ.
"ಕ್ಲೀನ್ ಮಾಡ್ತೈತ್ರಿ, ಪಾಪದ್ದು" ಅಂದಿದ್ದ ಕೊಟ್ರೇಶಿ,
ನನ್ನ ತಮ್ಮನ ಕಿವಿ ಮಡಚಿ ಹಿಡಿದು.
ಮರುವರ್ಷ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಹೂ.
"ಬಾಳ ಬೆಳೀತು. ಕೊಲ್ಲಾಕೆ ಮನಸ್ಸು ಬರ್ಲಿಲ್ಲ,
ಬಕೇಟಿನಾಗೆ ಹಾಕ್ಕೊಂಡೋಗಿ ಕೆರೆಗೆ ಬಿಟ್ಟೆ.
ಹೋಗೋವಾಗ ತಿರುಗಿ ನೋಡ್ತು ಕಣ್ರೀ."

ಎಷ್ಟು ಜನರ ಕರುಣೆ ಇದು,
ಈ ತಿಂಗಳು ನೂರಾ ಅರವತ್ತು ಕೆ.ಜಿ.

ಮೂರು ವರ್ಷದ ಹಿಂದೆ ನಮೂನೆಯಲ್ಲಿ ಇದಕ್ಕೆ ಹೆಸರಿರಲಿಲ್ಲ.
ಕಟ್ಟಕಡೆಯ ಕಾಲಮ್ಮು 'ಇತರೆ'. ಅಲ್ಲಿ
ಒಂದು, ಅಂತ ಬರೆದಿದ್ದೆ.
ಈಗ ಹೊಸ ನಮೂನೆ ಅಚ್ಚಾಗಿ ಬಂದಿದೆ:
ಇದರದ್ದು ಎರಡನೇ ಕಾಲಮ್ಮು. ಪಕ್ಕೆ, ಹಾವುಮೀನು, ಚೇಳ್ಮೀನು
ಎಲ್ಲ ಇತರೆಗೆ ಸರಿದಿವೆ.

ಎಂಟು ಗಂಟೆ. ಇಮಾಂಬಿ ಬುಟ್ಟಿ ತಂದು, ನೋಡಿ, ವಾಪಸ್ ಹೋದಳು.
ದಂಡೆಗೆ ಬೆಳಿಗ್ಗೆ ಎಸೆದದ್ದು ಇನ್ನೂ ಕಿವಿರು ಆಡಿಸುತ್ತಿದೆ.
ತೆಪ್ಪದ ತಳದ ನೀರು ಚೆಲ್ಲಲು ಬಗ್ಗಿದ ಗುತ್ಯಪ್ಪ
ಹಾಗೇ ನಿಂತ. ಆಮೇಲೆ ಬೊಗಸೆ ತಂದ.
"ಅಳಿ" ಅಂದ. ಒಂದು ಪಕ್ಕೆ.
ಹಲಗೆಯ ಮೇಲೆ ಬೆಳ್ಳಗೆ, ಒಂದು ಸಲ ಚಿಮ್ಮಿತು.
ಒಂಬತ್ತು.
"ಸರ್ಯಾಗಿ ನೋಡಕ್ಕ, ಬಾಲ ಮಡಚೈತಿ. ಒಂಬತ್ತೂವರೆ."
ಬಾಲ ಬಿಡಿಸಿದೆ. ಒಂಬತ್ತೂವರೆ.
ಇತರೆಯಲ್ಲಿ ಬರೆದು, ಪಕ್ಕದ ಖಾಲಿ ಅಂಚಿನಲ್ಲಿ
ಹೆಸರನ್ನೂ ಬರೆದೆ, ದಪ್ಪಗೆ.
ತೂಕದ ಜಾಗ ಹಾಗೇ ಉಳಿಯಿತು;
ಅಷ್ಟರಲ್ಲಿ ಅವನು ನೀರಿಗೆ ಬಿಟ್ಟಾಗಿತ್ತು.