ಸುಳ್ಳಿನ ಆಯಸ್ಸು

ಬೆಳಗಿನ ಜಾವ ಮೂರೂವರೆಗೆ ಯಾರೋ
ನಮ್ಮದೇ ಗುಟ್ಟಿನ ಪದ ಹೇಳಿ ಒಳಬಂದರು.
ಒಡೆಯಲು ಎರಡನೆಯ ಬೀಗವೇ ಇರಲಿಲ್ಲ.
ಕ್ಲೈಪೆಡಾ ಬಂದರಿನ ಉಳಿತಾಯ ಸಂಘದ
ಹೆಸರು ಇದ್ದ ಹಾಗೇ ಇತ್ತು, ಒಂದಕ್ಷರ ಕೊಂಕದೆ;
ಹೆಸರಿನ ಹಿಂದಿನ ನಾಲ್ಕು ಸಂಖ್ಯೆ ಮಾತ್ರ
ಬೇರೆ ಮನೆಯ ಬಾಗಿಲಿಗೆ ತಿರುಗಿದ್ದವು.

ಎಮೀಲಿಯಾ ಬುಟ್ಕೆನೆ, ಎಪ್ಪತ್ತೊಂದು, ಹೊಗೆಮೀನು ಮಾರುವವಳು,
ಕನ್ನಡಕ ಒರೆಸಿ ಒಂದೊಂದೇ ಅಕ್ಷರ ಒತ್ತಿದಳು.
ಅದೇ ನೀಲಿ, ಅದೇ ಲಂಗರಿನ ಗುರುತು.
ಪಾಸ್‌ವರ್ಡ್ ಕೊಟ್ಟಳು.
ಸತ್ತ ನಾಯಿಯ ಹೆಸರು ಅದು;
ಫೋನಿನಲ್ಲಿ ನನಗೆ ಹೇಳುವಾಗ ನಾಚಿದಳು.

ಏಳಕ್ಕೆ ದಾಖಲೆ ತಿದ್ದಿದೆ. ತಿದ್ದಿದರೆ ಆಯಿತೇ?
ಒಮ್ಮೆ ಕೇಳಿದ ಉತ್ತರವನ್ನು ಊರ ಯಂತ್ರಗಳು
ಬಾಯಿಪಾಠ ಮಾಡಿಟ್ಟುಕೊಳ್ಳುತ್ತವೆ
ಒಂದು ಹಗಲು, ಒಂದು ಇರುಳು.
ಅಲ್ಲಿಯವರೆಗೆ ಮತ್ತೆ ಕೇಳುವುದಿಲ್ಲ.
ಎಂಬತ್ತಾರು ಸಾವಿರದ ನಾನೂರು ಸೆಕೆಂಡು:
ಆ ಆಯಸ್ಸು ಬರೆದಿಟ್ಟವಳು ನಾನೇ,
ನಿಜಕ್ಕೆಂದು.

"ಎರಡನೆಯ ಬೀಗ ಕೇಳಿ ಎರಡು ವರ್ಷವಾಯಿತು,"
ಎಂದ ರಿಮ್ವಿದಾಸ್, ಕಾಫಿ ಕಲಕುತ್ತ, ಕುಡಿಯದೆ.

ಅಪ್ಪ ಅಂಚೆಯವನು. ದೇಶ ಬದಲಾದ ವರ್ಷ
ಬೀದಿಗಳ ಹೆಸರೂ ಬದಲಾದವು.
ಹಳೆಯ ಹೆಸರಿನ ಕಾಗದ ಬಂದರೆ
ಬಾಗಿಲು ತಟ್ಟಿ, ಮುಖ ನೋಡಿ, ಕೊಡುತ್ತಿದ್ದ.
ಮುಖ ಒಪ್ಪದಿದ್ದರೆ ಮತ್ತೆ ಚೀಲಕ್ಕೆ.

ಮಧ್ಯಾಹ್ನ. ಇನ್ನೂ ಹತ್ತೊಂಬತ್ತು ಗಂಟೆ ಬಾಕಿ.
ಇನ್ನೂರ ಹನ್ನೆರಡು ಸದಸ್ಯರ ಪಟ್ಟಿ ಹಿಡಿದು
ಫೋನ್ ಎತ್ತಿಕೊಂಡೆ.
"ಸಂಘದಿಂದ ಮಾತಾಡುತ್ತಿದ್ದೇನೆ,
ಇವತ್ತು ಆ ಪುಟ ತೆರೆಯಬೇಡಿ."
ಮೊದಲನೆಯವನು, ಕ್ರೇನ್ ನಡೆಸುವವನು,
ಗಾಳಿಯ ಸದ್ದಿನೊಳಗಿಂದ ಕೇಳಿದ:
"ನೀನು ನೀನೇ ಅಂತ
ನಾನು ನಂಬುವುದು ಹೇಗೆ?"