ಮೂರನೆಯ ಎಲೆ

ಲಿಬೋರಿಯೊ ಹೇಳುತ್ತಾನೆ: ಬಿಸಿಲೆಂದರೆ ಅನ್ನ.
ಹಾಯಿದೋಣಿಯ ಹಿಂಬದಿಯ ಕಮಾನಿನ ಮೇಲೆ ಎರಡು ಫಲಕ.
ಒಳಗೆ, ಹಲಗೆ ಎತ್ತಿದರೆ, ಮೂರು ಬ್ಯಾಟರಿ ಗುಂಪು
ಸಾಲಾಗಿ ಕೂತಿವೆ ಉಣ್ಣಲಿಕ್ಕೆ.
ಬಡಿಸುವವನು ಒಬ್ಬನೇ. ಅವನೂ ಈ ಚಿಲೋಯೆಯ ಏಪ್ರಿಲ್ಲಿನಲ್ಲಿ
ಹನ್ನೊಂದಕ್ಕೆ ಬಂದು ಎರಡಕ್ಕೆ ಕೈ ತೊಳೆದುಕೊಳ್ಳುವವನು.

ಮೊದಲ ಎಲೆ ಇಂಜಿನ್ನಿನದು.
ಗಾಳಿಯಿದ್ದ ದಿನ ಅದಕ್ಕೆ ಕೆಲಸವೇ ಇಲ್ಲ,
ಉಂಡು ತೇಗಿ ಬಿದ್ದಿರುತ್ತದೆ
ಮಾವನ ಮನೆಯಲ್ಲಿ ಅಳಿಯ ಬಿದ್ದಿರುವ ಹಾಗೆ.
ಎರಡನೆಯದು ಮನೆವಾರ್ತೆಯದು: ದೀಪ, ರೇಡಿಯೊ, ಆಳ ನೋಡುವ ಯಂತ್ರ.
ರಾತ್ರಿಯಿಡೀ ದುಡಿದು
ಬೆಳಗ್ಗೆ ಹನ್ನೆರಡು ವೋಲ್ಟಿಗೆ ಕುಸಿದು ಕೂತಿರುತ್ತದೆ.
ಮೂರನೆಯದು ಆಮೇಲೆ ಬಂದದ್ದು,
ದಾದಿ ಎದುವಿನಾ ದೋಣಿ ಹತ್ತಿದ ವರ್ಷ,
ಅವಳ ಲಸಿಕೆ ಫ್ರಿಜ್ಜಿನ ಜೊತೆ.
ಎರಡರಿಂದ ಎಂಟು ಡಿಗ್ರಿ, ಅದರಾಚೆ ಹೋಗಕೂಡದು.
ಮುಚ್ಚಳದ ಮೇಲೆ ಕೆಂಪಿನಲ್ಲಿ ಬರೆದಿದ್ದಾಳೆ:
ಬಿಯರ್ ಇಡಬೇಡಿ.
ಅದು ನನಗೆ.

ಮೊದಲು ಡಯೋಡು ಹಾಕಿದ್ದ ಲಿಬೋರಿಯೊ.
ಮೂವರಿಗೂ ಹಂಚುತ್ತಿತ್ತು, ನಿಜ,
ಒಬ್ಬೊಬ್ಬರ ಪಾಲಿನಿಂದಲೂ ಮುಕ್ಕಾಲು ವೋಲ್ಟು ಮುರಿದುಕೊಂಡು.
ಮೋಡ ಕಣೋ, ಇವತ್ತೊಂದಿನ ಬಿಡು ಅಂದರೆ
ಸುಂಕದವನ ಮುಂದೆ ಸುಖದುಃಖ.
ಕಿತ್ತು ಬಿಸಾಕಿ ರಿಲೇ ಕೂರಿಸಿದ:
ಅಳಿಯನ ಹೊಟ್ಟೆ ಹದಿಮೂರೂ ಚಿಲ್ಲರೆಗೆ ಏರಿದರೆ
ಟಕ್,
ಎರಡನೆಯ ಎಲೆಗೆ. ಅದೂ ಏರಿದರೆ
ಇನ್ನೊಂದು ಟಕ್.
ಆ ಎರಡನೆಯ ಟಕ್ಕಿಗಾಗಿ ಎದುವಿನಾ
ಹಲಗೆಗೆ ಕಿವಿಯಿಟ್ಟು ಕೂತದ್ದನ್ನು ನೋಡಿದ್ದೇನೆ,
ಬಸುರಿಯ ಹೊಟ್ಟೆಗೆ ಕಿವಿಗೊಟ್ಟ ಹಾಗೆ.

ಇದು ಪಂಕ್ತಿಭೇದ, ಅಂದಳು ಒಮ್ಮೆ.
ಬಂಡೆಗಳ ನಡುವೆ ಇಂಜಿನ್ ಕೈಕೊಟ್ಟರೆ
ನಿನ್ನ ಲಸಿಕೆಯೆಲ್ಲ ಮೀನಿಗೆ, ಅಂದ.
ಇಬ್ಬರದೂ ಸರಿ. ನಾನು ಬಟಾಟೆ ಸುಲಿಯುತ್ತಿದ್ದೆ.

ಐದನೆಯ ಮೋಡದ ದಿನ, ಗಾಳಿಯೂ ಇಲ್ಲ,
ಆಪಿಯಾವ್ ದ್ವೀಪ ಕಣ್ಣೆದುರಿಗೇ, ಮುಟ್ಟಲಾಗದಷ್ಟು ದೂರ.
ಫ್ರಿಜ್ಜಿನ ಮುಳ್ಳು ಏಳೂವರೆ.
ಎದುವಿನಾ ಜಗಳಕ್ಕೆ ಬರಲಿಲ್ಲ,
ಎದ್ದವಳೇ ಕೆಟಲಿನ ನೀರನ್ನೆಲ್ಲ
ಸೌದೆ ಒಲೆಗೆ ಸುರಿದಳು.
ಚುಂಯ್ ಅಂತು. ಹೊಗೆ. ಆಮೇಲೆ ಚಳಿ.
ನಾವು ಬೆಚ್ಚಗಿದ್ದರೆ ಅದೂ ಬೆಚ್ಚಗಾಗುತ್ತದಲ್ಲ, ಅಂದಳು.
ಒಂದೇ ಕಂಬಳಿಯೊಳಗೆ ಮೂರು ಜನ,
ಲಿಬೋರಿಯೊನ ಹಲ್ಲಿನ ಕಟಕಟವೂ ರಿಲೇಯಂತೆಯೇ ಕೇಳುತ್ತ.
ನಡುರಾತ್ರಿ ಅವನು ಮೆಲ್ಲಗೆ ಎದ್ದ.
ಕಂಬದ ತುದಿಯ ದೀಪ ಆರಿಸಿ
ಸೀಮೆಎಣ್ಣೆಯ ಲಾಂದ್ರ ಕಟ್ಟಿ ಬಂದ.
ಹಲಗೆ ಎತ್ತಿದ ಸದ್ದೂ ಆಯಿತು, ಸ್ಪ್ಯಾನರಿನದೂ.
ನಾನು ನಿದ್ದೆಯಲ್ಲಿದ್ದೆ ಎಂದೇ ಅವನ ನಂಬಿಕೆ.

ಮರುದಿನ ಮಧ್ಯಾಹ್ನ ಉತ್ತರಕ್ಕೆ ಮೋಡ ಹರಿದು
ಒಂದು ಸೌಟು ಬಿಸಿಲು.
ಹಾಯಿಯ ಅಡ್ಡತೊಲೆಯ ನೆರಳು, ಮೂರೇ ಬೆರಳಗಲ,
ಫಲಕಕ್ಕೆ ಬಿದ್ದರೆ ಫಲಕ ಪೂರ್ತಿ ಮುನಿಸಿಕೊಳ್ಳುತ್ತದೆ.
ತೊಲೆಯನ್ನು ಅಪ್ಪಿ ಆಚೆ ತಳ್ಳಿ ನಿಂತೆ
ಒಂದೂವರೆ ಗಂಟೆ, ಉಚ್ಚೆಗೂ ಹೋಗದೆ.
ಫ್ರಿಜ್ಜು ಗುರುಗುಟ್ಟತೊಡಗಿತು.
ಯಾರ ಎಲೆಗೆ ಮೊದಲು ಬಿತ್ತೆಂದು
ಯಾರೂ ಕೇಳಲಿಲ್ಲ.

ಸಂಜೆ ಹರಿವು ಎದುರಾದಾಗ ಕೀಲಿ ತಿರುಗಿಸಿದ.
ಕಿರ್ರ್. ಕಿರ್. ಮತ್ತೆ ಅದೂ ಇಲ್ಲ.
ಲಿಬೋರಿಯೊ ಇಂಜಿನ್ನಿನ ಅಜ್ಜಿಯನ್ನು ಬೈದ, ತಂತಿಗಳನ್ನಲ್ಲ.
ಹುಟ್ಟು ಹಾಕಿದೆವು ಮೂವರೂ,
ಇಡೀ ಕಾಲುಮೈಲಿ, ಅಂಗೈ ಬೊಬ್ಬೆಯೆದ್ದು.

ಕಟ್ಟೆಯ ಮೇಲೆ ತಾಯಂದಿರು, ಒದ್ದೆ ಉಣ್ಣೆಯ ವಾಸನೆ.
ಸಾಲಿನ ಮೊದಲಿಗೆ ಅಬ್ದೋನ್, ನಾಲ್ಕು ವರ್ಷ,
ಸೋದರಮಾವನ ಬೂಟಿನಲ್ಲಿ ಮೊಣಕಾಲ ತನಕ ಮುಳುಗಿ.
ಏಳು ಪಾಯಿಂಟ್ ಒಂದು, ಎಂದು ಪುಸ್ತಕದಲ್ಲಿ ಬರೆದುಕೊಂಡು
ಎದುವಿನಾ ಸೂಜಿ ಎತ್ತಿದಳು.
ಅವನು ಕಿರುಚಿದ್ದು ಹೇಗೆಂದರೆ
ಕಟ್ಟೆಯ ಕಡಲಕ್ಕಿಗಳೆಲ್ಲ ಎದ್ದುಹೋದವು.
ಲಿಬೋರಿಯೊ ದೋಣಿಯಲ್ಲೇ ಕೂತು
ತಣ್ಣನೆಯ ಒಲೆಯ ಬೂದಿ ತೋಡುತ್ತಿದ್ದ,
ತಲೆ ಎತ್ತದೆ,
ನಗುತ್ತಿದ್ದನೇನೋ.