ಅಳೆದೂ ಸುರಿದೂ

ಮೊದಲ ಸಲ ಅದಿಕಿನ್ಯಿ ತಂದ ಪ್ರಶ್ನೆ
ವಿಕ್ಟೋರಿಯಾ ಸರೋವರದಷ್ಟೇ ಅಗಲ:
‘ಕಿಸುಮುವಿನ ಬಡತನಕ್ಕೆ ಕಾರಣವೇನು?’
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ:
ದಡ ಕಾಣುತ್ತಿಲ್ಲ.

ಎರಡನೆಯ ಸಲ, ‘ಮೀನು ಮಾರುವ ಹೆಂಗಸರ ಶೋಷಣೆ’.
ಇದು ಪ್ರಶ್ನೆಯಲ್ಲ, ತೀರ್ಪು, ಎಂದೆ.
ಸಾಕ್ಷಿ ಕರೆಯುವ ಮೊದಲೇ
ನೇಣಿನ ಹಗ್ಗ ಹೊಸೆದಿಟ್ಟಿದ್ದೀಯ.
ಅವಳು ಮಾತಾಡಲಿಲ್ಲ. ಫ್ಯಾನು ತಿರುಗುತ್ತಿತ್ತು.
ಹಾಳೆ ಹಾರದಂತೆ ನಾನು ಕಲ್ಲು ಹೇರಿದ್ದೆ.

ಮೂರು ವಾರ ಪತ್ತೆಯಿಲ್ಲ.
ಆಮೇಲೆ ಬಂದಳು, ಚಪ್ಪಲಿ ತುಂಬ ಮರಳು,
ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದು
ಮೇಜಿನ ಮೇಲೆ ಬೋರಲು ಹಾಕಿದಳು.
‘ತಳ ನೋಡಿ, ಸರ್.’
ಯಾರೋ ಮೊಣಕೈ ಊರಿ ಎದ್ದು ಹೋದಂತೆ
ಒಳಕ್ಕೆ ತಗ್ಗಿತ್ತು.
‘ಡುಂಗಾ ದಡದಲ್ಲಿ ಒಮೆನಾ ಮೀನು ಅಳೆಯುವುದು ಇದರಲ್ಲೇ.
ಐದು ವರ್ಷದಿಂದ ಡಬ್ಬಿಗೆ ಅದೇ ಬೆಲೆ.
ಹಾಗಾದರೆ ಈ ತಳ
ಯಾರು ಗುದ್ದಿದ್ದು, ಯಾವಾಗ?’

ನಾನು ಪೆನ್ಸಿಲ್ ಕೆಳಗಿಟ್ಟೆ.

ಆದರೂ ಮೊದಲ ಕರಡಿನಲ್ಲಿ ಅವಳು ಬರೆದದ್ದು
‘ಮಾರುವವರು ಮೋಸ ಮಾಡುತ್ತಾರೆ’ ಅಂತಲೇ.
ಒಣಹಾಕಿದ ಬಲೆಯ ಪಕ್ಕ ಕೂತು
ಪೆರೆಸ್ ಅಜ್ಜಿಗೆ ಅದನ್ನು ಲುವೊದಲ್ಲಿ ಓದಿ ಹೇಳಿದಳಂತೆ.
ಅಜ್ಜಿ ಸಿಟ್ಟಾಗಲಿಲ್ಲ. ಮೀನು ಕೇರುತ್ತಲೇ ಅಂದಳಂತೆ:
‘ದೋಣಿಯವ ನನಗೆ ಅಳೆದು ಹಾಕುವ ಬೋಗುಣಿ
ಎತ್ತಿ ನೋಡಿದ್ದೀಯೇನೆ?
ನನ್ನ ಡಬ್ಬಿಗೆ ಒಂದು ಗುದ್ದಾದರೆ ಅದಕ್ಕೆ ಮೂರು.
ಮೊದಲು ಅದನ್ನು ಬರಿ.
ಆಮೇಲೆ ನನ್ನನ್ನೂ ಬರಿ, ಬಿಡಬೇಡ.’

ಅವತ್ತು ರಾತ್ರಿ ಅವಳ ಪುಟದಲ್ಲಿ
ಮೊಟ್ಟಮೊದಲ ‘ಆದರೆ’ ಬಂತು.
ಮೂರೇ ಅಕ್ಷರ.
ಇಡೀ ನಾಲ್ಕನೆಯ ಅಧ್ಯಾಯ ಮಗ್ಗುಲು ಬದಲಿಸಿತು.

ನನ್ನ ಮಹಾಪ್ರಬಂಧ ನೆನಪಾಯಿತು:
ನಾನೂರ ಹನ್ನೆರಡು ಪುಟ, ನೀಲಿ ರಟ್ಟು,
ಹುಡುಕಿದರೂ ಒಂದು ‘ಆದರೆ’ ಸಿಗದು.
ಎಲ್ಲರನ್ನೂ ಉದ್ಧರಿಸಿದ್ದೆ,
ಯಾರನ್ನೂ ಕೇಳಿರಲಿಲ್ಲ.
ಈಗದು ಗ್ರಂಥಾಲಯದ ನೆಲಮಾಳಿಗೆಯಲ್ಲಿ
ಕಿಟಕಿ ಬಡಿಯದಂತೆ ಒತ್ತುಕೊಟ್ಟು ನಿಂತಿದೆಯಂತೆ.
ಅಷ್ಟಾದರೂ ಆಧಾರ.

ಅವಳ ಕೊನೆಯ ಪುಟ ನನ್ನ ಮುಂದಿದೆ.
‘ಬೆಲೆ ಏರಲಿಲ್ಲ, ಅಳತೆ ಕುಗ್ಗಿತು.
ಮೊದಲ ಗುದ್ದು ಯಾರದೆಂದು
ನನಗೆ ಪೂರ್ತಿ ತಿಳಿದಿಲ್ಲ.’
ಪರೀಕ್ಷಕರು ಈ ಸಾಲಿಗೆ ಬಾಯಿ ಹಾಕುವುದು ಖಂಡಿತ.
‘ತಿಳಿದಿಲ್ಲ’ದ ಕೆಳಗೆ ಗೆರೆ ಎಳೆದೆ,
ಅಳೆದೂ ಸುರಿದೂ, ರಬ್ಬರಿನಿಂದ ಅಳಿಸಿದೆ.

ಕಲ್ಲಿನ ಜಾಗದಲ್ಲಿ ಈಗ ಆ ಡಬ್ಬಿ.
ಕೋಣೆಯೆಲ್ಲ ಒಣಮೀನಿನ ವಾಸನೆ.
ಹಾಳೆಗಳು ಅದರಡಿ
ಅಂಚು ಮಾತ್ರ ಪಟಪಟಿಸುತ್ತಿವೆ.